ಹುಳಿಮಾವಿನ ಎರಡು ಬಿಲ್ಲು

ಮುನ್ನೂರ ಅರವತ್ತೈದು ನಂಬರಿನ ಬಸ್ಸಲ್ಲಿ
ಕಂಡಕ್ಟರು ದಿನಾ ಕೇಳುತ್ತಾರೆ
ನನ್ನ ಕರೀ ಪೆಟ್ಟಿಗೆ ತಟ್ಟಿ:
ಏನಮ್ಮ, ಪಿಟೀಲಾ?
ಹೂಂ ಅನ್ನುತ್ತೇನೆ. ಬಿಲ್ಲು ಅಂದರೆ
ಲಗೇಜು ಟಿಕೆಟ್ಟು, ಮೇಲೆ ಅರ್ಧ ಬಸ್ಸು ತಿರುಗಿ ನೋಡುತ್ತದೆ.

ಒಳಗೆ ಬಿಲ್ಲು ತುಂಡು ತುಂಡಾಗಿ ಮಲಗಿದೆ:
ಹಿಡಿ, ಎರಡು ರೆಕ್ಕೆ, ತೂಕದ ಕಡ್ಡಿ,
ಗುರಿ ನೋಡುವ ಸಣ್ಣ ಉಂಗುರ,
ಮತ್ತೆ ಕ್ಲಿಕ್ಕರು ಎಂಬ ತಗಡಿನ ನಾಲಿಗೆ.
ಬಾಣ ಪೂರಾ ಸೆಳೆದಾಗ ಟಕ್ ಅನ್ನುತ್ತದೆ,
ಆಗ ಬಿಡಬೇಕು.

ಇನ್ನೊಂದು ಬಿಲ್ಲು ಮನೆಯಲ್ಲಿ,
ಗ್ಯಾಸ್ ಸಿಲಿಂಡರಿನ ನೇರಕ್ಕೆ, ಗೂಟದ ಮೇಲೆ.
ತಾತ ಮುನಿಬೈಲಪ್ಪನದು.
ಬಿದಿರು, ಹೊಗೆ ಕುಡಿದು ಜೇನಿನ ಬಣ್ಣಕ್ಕೆ ತಿರುಗಿದೆ.
ಹೆದೆಗೆ ಎರಡು ಕಡೆ ಕುರಿಯುಣ್ಣೆ,
ಬಿಟ್ಟಾಗ ಸದ್ದಾಗಬಾರದು ಅಂತ.
ಕೆರೆಯ ಆಚೆ ಬರೀ ಲಂಟಾನ ಇದ್ದ ಕಾಲಕ್ಕೆ,
ಈಗ ಹದಿನಾಲ್ಕು ಮಾಳಿಗೆ ನಿಂತಿರುವ ಕಡೆ,
ಮೊಲ, ಕೌಜುಗ, ಒಂದು ಸಲ ಹಂದಿ.
ಹಂದಿ ಮಾತ್ರ ಹೇಳಿದ ಪ್ರತಿ ಸಲವೂ ಒಂದು ಮೊಳ ಬೆಳೆಯುತ್ತದೆ.
ಆಮೇಲೆ ಕಾನೂನು ಬಂತು, ಗಾರ್ಡು ಬಂದ,
ಬಾಣಗಳನ್ನು ಒಯ್ದ.
ಬಿಲ್ಲನ್ನು ಅಜ್ಜಿ
ಬಟ್ಟೆ ಒಣಗಿಸುವ ಡೊಂಕು ಗಳು ಅಂತ ಹೇಳಿ ಉಳಿಸಿದಳು.

ಏಳನೇ ಕ್ಲಾಸಿನಲ್ಲಿದ್ದಾಗ ಕೇಳಿದ್ದೆ:
ಅದರಲ್ಲೇ ಕಲಿಸು ತಾತ, ರಟ್ಟಿಗೆ ಗುರಿ ಇಡೋಣ.
ಸಿಟ್ಟು ಬಂತು ಅವನಿಗೆ.
ಮಿಕಕ್ಕೆ ಹೂಡಿದ ಬಿಲ್ಲನ್ನ ಆಟಕ್ಕೆ ಹೂಡಬಾರದು.
ಯಾಕೆ?
ಅದು ಸುಮ್ಸುಮ್ನೆ ಬಿಡೋದು ಕಲೀತದೆ.

ಫಿಲೋಮಿನಾ ಮೇಡಮ್ಮಿಂದೂ ಅದೇ ಮಾತು, ಬೇರೆ ಕಾರಣಕ್ಕೆ:
ಇನ್ನೊಂದು ಬಿಲ್ಲು ಮುಟ್ಟಬೇಡ, ಹೆಗಲಿಗೆ ಗೊಂದಲ ಆಗುತ್ತೆ.
ಮೂವತ್ತಾರು ಪೌಂಡು ನಿನ್ನ ಬೆನ್ನಿಗೆ
ಮಗ್ಗಿ ಥರ ಬಾಯಿಪಾಠ ಬರಬೇಕು.

ಒಂದು ಭಾನುವಾರ ಜೋಡಿಸಿ ತೋರಿಸಿದೆ.
ಸುತ್ತ ಬಂದು ನೋಡಿದ.
ಇದೇನು ಬಿಲ್ಲೋ, ಟೀವಿ ಆಂಟೆನಾನೋ.
ಟಕ್ ಕೇಳಿಸಿದೆ. ನಕ್ಕು ನಕ್ಕು ಕೆಮ್ಮು ಬಂತು:
ಹಿಂಗೆ ತಾಳ ಹಾಕ್ಕೊಂಡು ಹೋದ್ರೆ
ಮೊಲ ಕೂತ್ಕೊಂಡು ಕೇಳ್ತದಾ?
ಮೊಲ ಇಲ್ಲ ತಾತ. ಎಪ್ಪತ್ತು ಮೀಟರಿಗೆ ಬಣ್ಣದ ಕಾಗದ.
ಓಡಲ್ವಾ?
ಓಡಲ್ಲ.
ಸ್ವಲ್ಪ ಹೊತ್ತು ಬೀಡಿ ಹುಡುಕಿದ.
ಹಂಗಾದ್ರೆ ಕಷ್ಟ ಕಣೆ, ಅಂದ.
ತಪ್ಪಿದ್ರೆ ಯಾರ ಮೇಲೆ ಹಾಕ್ತೀಯ?

ಏಪ್ರಿಲ್‌ನಲ್ಲಿ ಸೆಲೆಕ್ಷನ್ನು.
ಕೊನೆಯ ಸುತ್ತು, ಕೊನೆಯ ಬಾಣ, ಒಂಬತ್ತು ಬಂದರೂ ಸಾಕಿತ್ತು.
ಸೆಳೆದೆ. ಹೆದೆ ಗದ್ದಕ್ಕೆ ತಾಗಿತು.
ಉಂಗುರದೊಳಗೆ ಹಳದಿ ಬಂದು ಕೂತಿತು.
ಆಗ ಹಲಗೆಯ ಕಾಲ ಹತ್ತಿರ ಒಂದು ಟಿಟ್ಟಿಭ.
ಮರಿ ಇದ್ದವೋ ಇಲ್ಲವೋ, ಅಷ್ಟು ದೂರಕ್ಕೆ ಕಾಣದು.
ಆದರೆ ಅದು ನಡೆದ ರೀತಿ ಮರಿ ಇದ್ದದ್ದರದು,
ನಾಲ್ಕು ಹೆಜ್ಜೆ, ನಿಂತು, ಹಿಂದಕ್ಕೆ ನೋಡಿ,
ಮತ್ತೆ ನಾಲ್ಕು ಹೆಜ್ಜೆ.
ನನ್ನ ಬಾಣ ಅದರ ತಲೆಯಿಂದ ಮೂರಡಿ ಮೇಲೆ ಹೋಗುತ್ತಿತ್ತು,
ಲೆಕ್ಕ ಗೊತ್ತಿತ್ತು ನನಗೆ.
ಟಕ್ ಅಂತು.
ಬೆರಳು ಬಿಡಲಿಲ್ಲ.
ದೀಪ ಕೆಂಪಾಯಿತು.
ಮೇಡಂ ಏನೂ ಅನ್ನದೆ ನೀರಿನ ಬಾಟ್ಲಿ ಕೈಗೆ ಕೊಟ್ಟರು,
ಮುಚ್ಚಳ ತೆಗೆಯದೆ.

ರಾತ್ರಿ ಮುದ್ದೆ ಮುರಿಯುತ್ತಾ ಹೇಳಿದೆ.
ಅಂಕ ಕೇಳಲಿಲ್ಲ ಅವನು.
ಮರಿ ಎಷ್ಟು?
ಕಾಣಲಿಲ್ಲ.
ಕಾಣಲಿಲ್ಲ ಅಂದ್ರೆ ಮೂರು ಇರ್ತವೆ.
ಕೈ ತೊಳೆದು ಎದ್ದ, ಗೂಟದಿಂದ ಬಿಲ್ಲು ಇಳಿಸಿದ,
ಹೆದೆಯ ಉಣ್ಣೆಯಿಂದ ಒಂದು ಚೂರು ಕಿತ್ತು
ನನ್ನ ಪೆಟ್ಟಿಗೆಯ ಮೂಲೆಗೆ ತುರುಕಿದ.
ಬಿಲ್ಲಿಗೆ ಕಟ್ಟಬ್ಯಾಡ ಮತ್ತೆ,
ಅದೇ ಬೇರೆ, ಇದೇ ಬೇರೆ.

ಬೆಳಿಗ್ಗೆ ಬಸ್ಸಲ್ಲಿ ಅದೇ ಪ್ರಶ್ನೆ, ಪಿಟೀಲಾ?
ಬಿಲ್ಲು, ಅಂದೆ.
ಲಗೇಜು ಹರಿದು ಕೊಟ್ಟರು.
ಏನು ಹೊಡೀತೀಯಮ್ಮ ಅದ್ರಲ್ಲಿ?
ಯೋಚಿಸುತ್ತಿದ್ದ ಹಾಗೆ
ಅರಕೆರೆ ಗೇಟು ಬಂತು,
ನೂಕಿಕೊಂಡು ಜನ ಹತ್ತಿದರು.